ಪರೀಕ್ಷೆಯ ಮುನ್ನಾದಿನಕ್ಕೊಬ್ಬ ದಡ್ಡ

ನಮ್ಮ ಓಣಿಯಲ್ಲಿ ನಾಳೆ ಪರೀಕ್ಷೆ ಇದೆ ಎಂದು ತಿಳಿಯಲು ವೇಳಾಪಟ್ಟಿ ನೋಡಬೇಕಾಗಿಲ್ಲ. ಹಿಂದಿನ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಓಣಿಯ ತುಂಬ ಒಂದು ಗುಂಯ್ ಎನ್ನುವ ಸದ್ದು ಏಳುತ್ತದೆ. ಹೊಸಬರಿಗೆ ಎಲ್ಲೋ ಜೇನು ಎದ್ದಿದೆ ಅನಿಸಬೇಕು. ಕಿವಿಗೊಟ್ಟು ಕೇಳಿದರೆ ಒಂದು ಮಾಳಿಗೆಯಿಂದ "ದ್ಯುತಿಸಂಶ್ಲೇಷಣೆ ಎಂದರೆ, ದ್ಯುತಿಸಂಶ್ಲೇಷಣೆ ಎಂದರೆ" ಎಂದು ಬರುತ್ತಿರುತ್ತದೆ. ಎದುರುಮನೆಯ ಕಟ್ಟೆಯಿಂದ ಸಿಪಾಯಿ ದಂಗೆಯ ರಾಜಕೀಯ ಕಾರಣಗಳು ಬರುತ್ತಿರುತ್ತವೆ. "ಎಂದರೆ" ಎನ್ನುವಲ್ಲಿಂದ ಮುಂದೆ ಹೋಗದ ಹುಡುಗ ಪ್ರತಿ ವರ್ಷ ಒಬ್ಬನಾದರೂ ಇರುತ್ತಾನೆ. ಅವನ ಸಲುವಾಗಿ ಓಣಿಯ ಹೆಂಗಸರೆಲ್ಲ ಒಳಗೊಳಗೇ ಒದ್ದಾಡುತ್ತೇವೆ. ರೊಟ್ಟಿ ಬಡಿಯುವಾಗಲೂ ಒಂದಿಷ್ಟು ಸಣ್ಣಗೆ ಬಡಿಯುತ್ತೇವೆ. ನಿಮ್ಮ ಕಡೆಯೂ ಇದೇ ಇರಬಹುದು. ಇಡೀ ವರ್ಷ ಓದದಿದ್ದುದನ್ನು ಒಂದೇ ದಿನದಲ್ಲಿ ಓದುವ ಧೈರ್ಯ ಎಲ್ಲ ಊರಿನ ಮಕ್ಕಳಿಗೂ ದೇವರು ಕೊಟ್ಟಿರುತ್ತಾನೆ.

ಮೊನ್ನೆ ಮಾರ್ಚಿನಲ್ಲಿ ಆ ಸದ್ದು ಮತ್ತೆ ಎದ್ದಾಗ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ನಮ್ಮ ಮನೆಯಲ್ಲಿ ಈ ವರ್ಷ ದೊಡ್ಡ ಪರೀಕ್ಷೆ ಯಾರಿಗೂ ಇರಲಿಲ್ಲ. ಆದರೂ ಹಿಂಡಿದ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ನೆನೆಯುತ್ತ ನಿಂತೆ.

ನನ್ನ ಓದು ಹತ್ತನೆಯದಕ್ಕೇ ಮುಗಿಯಿತು, ಅದೂ ಗರಗದಲ್ಲಿ. ನಮ್ಮ ಅವ್ವನಿಗೆ ಓದಿನ ಬಗ್ಗೆ ಗೊತ್ತಿದ್ದುದು ಕಡಿಮೆ. ಆದರೆ ಓದಿದ್ದು ತಲೆಯಿಂದ ಹೊರಗೆ ಹೋಗುವ ದಾರಿಗಳೆಲ್ಲ ಗೊತ್ತಿದ್ದವು. "ಎಣ್ಣಿ ಹಚ್ಚಿದ್ರ ಓದಿದ್ದು ಜಾರತೈತಿ, ನೀರು ಹಾಕಿದ್ರ ತೊಳದ ಹೊಕ್ಕೈತಿ" ಎಂದು ಪರೀಕ್ಷೆ ಮುಗಿಯುವತನಕ ತಲೆಗೆ ಎರಡನ್ನೂ ತಾಗಗೊಡುತ್ತಿರಲಿಲ್ಲ. ಕಡೆಯ ಪರೀಕ್ಷೆಯ ಹೊತ್ತಿಗೆ ನನ್ನ ತಲೆ ನೂಲಲು ಬಿಚ್ಚಿಟ್ಟ ಅರಳೆಯ ಹಾಗೆ ಆಗಿರುತ್ತಿತ್ತು. ಖಾದಿ ನೂಲುವ ಊರು ನಮ್ಮದು, ನೂಲುವುದಕ್ಕೆ ಹೊರಟಿದ್ದ ಸೋದರತ್ತೆ ನನ್ನ ಕಡೆ ನೋಡಿ, "ಇದನ್ನಷ್ಟು ತಗೊಂಡು ಹೋಗಲೇನ ವೈನಿ?" ಎಂದು ಅವ್ವನನ್ನು ಕೇಳುತ್ತಿದ್ದಳು.

ನಾನು ಓದುತ್ತಿದ್ದುದು ಬಾಯಿಪಾಠ. ಅರ್ಥ ಎನ್ನುವುದೊಂದು ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಗೈಡಿನಲ್ಲಿದ್ದುದನ್ನು ಅಲ್ಪವಿರಾಮವನ್ನೂ ಬಿಡದೆ ನುಂಗುತ್ತಿದ್ದೆ. ಹಾಗಾಗಿ ಸಮಾಜಶಾಸ್ತ್ರದ ಒಂದು ಉತ್ತರದ ಕೊನೆಗೆ "ಹೆಚ್ಚಿನ ವಿವರಕ್ಕೆ ಹಿಂದಿನ ಪಾಠ ನೋಡಿರಿ" ಎಂದು ಚಂದದ ಅಕ್ಷರದಲ್ಲಿ ಬರೆದು ಬಂದೆ. ಪೇಪರು ತಿದ್ದಿದವರು ಹಿಂದಿನ ಪಾಠ ನೋಡಿಯೇ ಇರಬೇಕು, ಪಾಸಾದೆ.

ನಮ್ಮ ಯಜಮಾನರು ಇದಕ್ಕೆ ಪೂರಾ ಉಲ್ಟಾ. ಅವರು ಸುಳ್ಳ ಎನ್ನುವ ಊರಿನವರು. ಹತ್ತನೆಯದರಲ್ಲಿ ವಿಜ್ಞಾನ ಹೋಗಿತ್ತು. ಅದನ್ನು ಅವರು ಮುಚ್ಚಿಟ್ಟವರಲ್ಲ, ಬೀಗರ ಮುಂದೆ ಕೂಡ "ಸೈನ್ಸಿನಾಗ ಡುಮ್ಕಿ ಹೊಡದಾವ್ರಿ ನಾ" ಎಂದು ಪದವಿಯ ಹಾಗೆ ಹೇಳಿಕೊಳ್ಳುತ್ತಿದ್ದರು. ಅಮರಗೋಳದ ಮಾರ್ಕೆಟ್ಟಿನಲ್ಲಿ ಒಂದು ಕಾಳಿನ ದಲಾಲಿ ಅಂಗಡಿಯಲ್ಲಿ ಅವರ ಕೆಲಸ. ಬಂದ ಮಾಲು ನೋಡುವುದು, ತೂಕ ಮಾಡಿಸುವುದು. ಚೀಲದ ಒಳಗಿನ ಕಾಳು ತೆಗೆದು ನೋಡುವುದಕ್ಕೆ ಅವರ ಹತ್ತಿರ ಕಬ್ಬಿಣದ್ದೊಂದು ಚೂಪು ಕೊಳವೆ ಇರುತ್ತಿತ್ತು. ಅದನ್ನು ಚೀಲಕ್ಕೆ ಚುಚ್ಚಿ ಎಳೆದರೆ ಒಂದು ಹಿಡಿ ಕಾಳು ಅದರ ಹೊಟ್ಟೆಯೊಳಗೆ ಬರುತ್ತಿತ್ತು. "ಚೀಲದ ಬಾಯಾಗ ಎಲ್ಲಾರೂ ಛಲೋ ಕಾಳನ ಇಟ್ಟಿರ್ತಾರ. ನಡುವ ಚುಚ್ಚಬೇಕು" ಎನ್ನುವುದು ಅವರ ವೇದ.

ಈ ವೇದವನ್ನು ಅವರು ಮಗಳ ಓದಿಗೂ ಹಚ್ಚಿದ್ದರು. ನಮಗೆ ಅಕ್ಷತಾ ಒಬ್ಬಳೇ. ಅವಳ ಪರೀಕ್ಷೆಯ ಮುನ್ನಾದಿನ ಇವರು ಅಂಗಡಿಯಲ್ಲಿ ಹೇಳಿ ಲಗೂ ಬರುತ್ತಿದ್ದರು. ಬರುವಾಗ ಚುರುಮುರಿಯ ಗಿರಮಿಟ್ಟು ಕಟ್ಟಿಸಿಕೊಂಡು ಬರುತ್ತಿದ್ದರು. ಕೈಕಾಲು ತೊಳೆದು ಚಾಪೆಯ ಮೇಲೆ ಕುಳಿತು, "ತಗೀವಾ ನಿನ್ನ ಮಾಲು" ಎನ್ನುತ್ತಿದ್ದರು. ಪುಸ್ತಕ ತೆರೆಯುವಾಗ ಮೊದಲನೆಯ ಪಾಠಕ್ಕೆ ಎಂದೂ ಕೈ ಹಾಕುತ್ತಿರಲಿಲ್ಲ. ಅದು ಎಲ್ಲರಿಗೂ ಬರುತ್ತದೆ, ಅದು ಚೀಲದ ಬಾಯಿ. ನಟ್ಟನಡುವೆ ಹೆಬ್ಬೆರಳು ತೂರಿಸಿ, ಬಂದ ಪುಟಕ್ಕೆ ಬೆರಳಿಟ್ಟು, "ಇದು ಏನು, ನನಗ ತಿಳಿಸಿ ಹೇಳು" ಎನ್ನುತ್ತಿದ್ದರು. ಅಂದರೆ ಅವಳು ಮಾಸ್ತರು, ಇವರು ವಿದ್ಯಾರ್ಥಿ. ಇವರಂಥ ವಿದ್ಯಾರ್ಥಿ ಸಿಕ್ಕಿದ್ದರೆ ಯಾವ ಮಾಸ್ತರರೂ ಪೆನ್ಶನ್ನಿನವರೆಗೆ ಕಾಯುತ್ತಿರಲಿಲ್ಲ.

ಅವಳು ಎಂಟನೆಯದರಲ್ಲಿದ್ದಾಗ ಕಣ್ಣಿನ ಪಾಠ ಬಂದಿತ್ತು.

"ಕಣ್ಣಿನ ಹಿಂದ ಒಂದು ಪರದೆ ಇರತೈತಿ. ನಾವು ನೋಡಿದ್ದು ಅದರ ಮ್ಯಾಲೆ ತಲಿಕೆಳಗ ಬೀಳತೈತಿ" ಎಂದಳು ಅಕ್ಷತಾ.

"ತಲಿಕೆಳಗ?"

"ಹೂಂ."

"ಹಂಗಾರ ಈಗ ನಾ ನಿನಗ ಕಾಲು ಮ್ಯಾಲಾಗಿ ಕಾಣಾಕತ್ತೇನೇನ?"

"ಇಲ್ಲಪಾ. ಮೆದುಳು ಅದನ್ನ ನೆಟ್ಟಗ ಮಾಡತೈತಿ."

"ಹುಟ್ಟಿದ ಕೂಸಿಗೂ ಮಾಡತೈತೇನ? ಅದಕ್ಕಿನ್ನೂ ಕುತಿಗಿನ ನಿಂತಿರಂಗಿಲ್ಲ."

"ಅಪ್ಪಾ, ಅದು ಪರೀಕ್ಷಾಕ್ಕ ಬರಂಗಿಲ್ಲ."

"ಪರೀಕ್ಷಾಕ್ಕ ಬರದಿದ್ರೇನಾತು, ನನಗ ಬಂತಲ್ಲ."

ನಾನು ಅಡುಗೆಮನೆಯಿಂದ, "ಸಾಕು ಬಿಡ್ರಿ, ಹುಡುಗಿ ತಲಿ ತಿನ್ನಬ್ಯಾಡ್ರಿ, ನಾಳಿ ಪರೀಕ್ಷಾ ಐತಿ" ಎನ್ನುತ್ತಿದ್ದೆ.

"ತಲಿ ತಿಂದ್ರನ ಅದರಾಗ ಏನೈತಂತ ಗೊತ್ತಾಗೂದು. ನೀ ಸುಮ್ನಿರು" ಎಂದು ಇವರು ಗಿರಮಿಟ್ಟಿನ ಮೇಲಿನ ಉಳ್ಳಾಗಡ್ಡಿ ಆರಿಸಿ ತಿನ್ನುತ್ತಿದ್ದರು. ಆಮೇಲೆ ಅದೇ ಮಾತು. "ತಿಳೀಲಿಲ್ಲ. ಮತ್ತೊಮ್ಮೆ ಹೇಳು."

ಅವಳು ಮತ್ತೊಮ್ಮೆ ಹೇಳುವಳು. ಇವರಿಗೆ ಮತ್ತೆ ತಿಳಿಯದು. ಅವಳು ಚಿತ್ರ ಬರೆಯುವಳು, ಚಮಚ ಹಿಡಿದು ತೋರಿಸುವಳು, ಕೊನೆಗೆ ಸಿಟ್ಟಿಗೆದ್ದು ಪುಸ್ತಕ ಮುಚ್ಚುವಳು. ಮುಚ್ಚಿದ ಮೇಲೂ ಬಾಯಲ್ಲಿ ಹೇಳುತ್ತಲೇ ಇರುವಳು. ಆಗ ಇವರು ನಿಧಾನವಾಗಿ, "ಹಾಂ, ಈಗ ಒಂದೀಟು ಬೆಳಕಾತು" ಎಂದು ಏಳುತ್ತಿದ್ದರು. ಮರುದಿನ ಅವಳು ಪೇಪರು ಬರೆದು ಬಂದು, "ಅಪ್ಪಗ ಹೇಳಿದ್ದರ ಮುಂದ ಇದೇನೂ ಅಲ್ಲ" ಎನ್ನುವಳು.

ಇವರಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲವೋ, ಸೋಗು ಹಾಕುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಒಮ್ಮೆ ಕೇಳಿದ್ದೆ. "ನನ್ನ ಮಾರ್ಕ್ಸ್ ಕಾರ್ಡ್ ನೋಡಿಲ್ಲೇನ ನೀ?" ಎಂದು ನಕ್ಕರು.

ಅವಳು ಹತ್ತನೆಯದರಲ್ಲಿದ್ದ ವರ್ಷ ದೀಪಾವಳಿ ಇನ್ನೂ ಮುಂದಿತ್ತು. ಮಾರ್ಕೆಟ್ಟಿಗೆ ಹೊಸ ಗೋವಿನಜೋಳ ಬರಲು ಶುರುವಾಗಿತ್ತು. ಇವರು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಳಿತರಂತೆ. ಆಸ್ಪತ್ರೆಗೆ ಒಯ್ದರು. ಡಾಕ್ಟರರು ಹೊರಗೆ ಬಂದು ನನ್ನ ಮುಂದೆ ನಿಂತು ಮೆಲ್ಲಗೆ, ಬಿಡಿಸಿ ಬಿಡಿಸಿ ಏನೋ ಹೇಳಿದರು. ನಾನು ಹೂಂ ಎಂದೆ.

ಇವರು ಇಲ್ಲವಾದ ಮೇಲಿನ ತಿಂಗಳುಗಳನ್ನು ಬರೆಯುವುದಿಲ್ಲ. ಎಲ್ಲರ ಮನೆಯಲ್ಲೂ ಅವು ಒಂದೇ ಥರ ಇರುತ್ತವೆ. ಬಂದವರು ಚಹಾ ಕುಡಿಯುತ್ತಾರೆ, ಹೋಗುತ್ತಾರೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಕ್ಷತಾ ವಿಜ್ಞಾನದ ಪೇಪರನ್ನು ಅರ್ಧ ಖಾಲಿ ಬಿಟ್ಟು ಬಂದಳು. ಉಳಿದವುಗಳಲ್ಲಿ ಎಲ್ಲ ಸರಿ ಇತ್ತು. ಕೇಳಿದರೆ "ವ್ಯಾಳ್ಯಾ ಸಾಲಲಿಲ್ಲ" ಎಂದಳು. ನಾನು ಹೂಂ ಎಂದೆ. ಮಾರ್ಚ್ ಬಂತು. ಒಂದೊಂದೇ ಪರೀಕ್ಷೆ ಮುಗಿಯುತ್ತ ಬಂದು ವಿಜ್ಞಾನದ ಮುನ್ನಾದಿನವೂ ಬಂತು. ಬೆಳಿಗ್ಗೆಯಿಂದ ಅವಳು ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕುಳಿತಿದ್ದಳು. ನಾನು ಕಸ ಗುಡಿಸಲು ಹೋದಾಗ ಯಾವ ಪುಟ ಇತ್ತೋ ನೆಲ ಒರೆಸಲು ಹೋದಾಗಲೂ ಅದೇ ಪುಟ ಇತ್ತು.

"ಅವ್ವ, ನಾಳಿ ನಾ ಸೈನ್ಸ್ ಬರಿಯಂಗಿಲ್ಲ" ಎಂದಳು.

"ಯಾಕ?"

"ಎರಡನೇ ಪರೀಕ್ಷಾ ಇರತೈತಲ್ಲ, ಅದರಾಗ ಬರಿತೇನಿ. ಈಗ ಹಂಗ ಐತಿ. ಮೂರನೇದೂ ಇರತೈತಿ."

ನಮ್ಮ ಕಾಲದಲ್ಲಿ ಪರೀಕ್ಷೆ ಎಂದರೆ ಒಂದೇ ಇರುತ್ತಿತ್ತು, ಹೋದರೆ ಹೋಯಿತು. ಈಗ ಸರಕಾರ ದೊಡ್ಡ ಮನಸ್ಸು ಮಾಡಿ ಮೂರು ಸಲ ಬರೆಯಲು ಬಿಟ್ಟಿದೆ. ಒಳ್ಳೆಯದೇ. ಆದರೆ ಅವಳು ಹೇಳಿದ ರೀತಿಯಲ್ಲಿ ಎರಡನೆಯದೂ ಇರಲಿಲ್ಲ, ಮೂರನೆಯದೂ ಇರಲಿಲ್ಲ. ಈ ಪುಸ್ತಕವನ್ನು ಮುಚ್ಚಿಬಿಡುತ್ತೇನೆ ಎನ್ನುವುದಷ್ಟೇ ಇತ್ತು. ಇವತ್ತು ಮುಚ್ಚಿದರೆ ಇವಳು ಮತ್ತೆ ತೆರೆಯುವುದಿಲ್ಲ ಎಂದು ನನಗೆ ಅನಿಸಿತು. ಅನಿಸಿದರೂ ಬಾಯಿಗೆ ಬಂದದ್ದು ಹೂಂ.

ಆಮೇಲೆ ತಡೆಯಲಾಗದೆ ಹಿಂದಿನ ಮನೆಯ ಜೋಶಿ ಮಾಸ್ತರರನ್ನು ಕರೆದುಕೊಂಡು ಬಂದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರಾದವರು. ಕರೆದದ್ದೇ ತಡ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದರು.

"ಏನದ ತಂಗಿ, ಎಲ್ಲಿ ತೊಡಕಾಗೇದ? ಬೆಳಕಿನ ವಕ್ರೀಭವನ ಅಂದ್ರೇನು ಹೇಳು ನೋಡೋಣ."

"ಬೆಳಕು ಒಂದು ಮಾಧ್ಯಮದಿಂದ" ಎಂದು ಅಕ್ಷತಾ ಶುರು ಮಾಡಿದಳು.

"ಇನ್ನೊಂದು ಮಾಧ್ಯಮಕ್ಕ ಹೋಗೋ ಮುಂದ ಬಾಗ್ತದ. ಶಾಭಾಸ್. ಯಾಕ ಬಾಗ್ತದ?"

"ಯಾಕಂದ್ರ ವೇಗ"

"ವೇಗ ಬದಲಾಗ್ತದ. ಭಾಳ ಛಲೋ. ಇಷ್ಟೆಲ್ಲಾ ಬರ್ತದ, ಮತ್ಯಾಕ ಅಂಜ್ತೀ ನೀ?"

ಮಾಸ್ತರರಿಗೆ ಅರ್ಧ ವಾಕ್ಯ ಕೇಳಿದರೆ ಉಳಿದರ್ಧ ತಾನಾಗಿಯೇ ಬಾಯಿಗೆ ಬರುತ್ತಿತ್ತು. ಪಾಪ, ಜೀವನವೆಲ್ಲ ಅದನ್ನೇ ಹೇಳಿದವರು. ವಿದ್ಯುತ್ತು, ಆಮ್ಲ, ಲವಣ ಎಲ್ಲವನ್ನೂ ಒಂದು ಲೋಟ ಚಹಾದೊಳಗೆ ಮುಗಿಸಿದರು. ಏಳುವಾಗ ಅವರ ಮುಖ ಕೆಂಪಾಗಿತ್ತು. "ಇವತ್ತು ಎಲ್ಲಾ ಹೆಂಗ ನೆನಪಿಗೆ ಬಂತು ನೋಡ್ರಿ" ಎಂದು ತಮಗೇ ಆಶ್ಚರ್ಯಪಟ್ಟುಕೊಂಡರು. ಮರುದಿನ ಮಾಸ್ತರರೇ ಪೇಪರು ಬರೆದಿದ್ದರೆ ಜಿಲ್ಲೆಗೇ ಮೊದಲನೇ ನಂಬರು. ಅವರು ಹೋದ ಮೇಲೆ ಅಕ್ಷತಾ ಮತ್ತೆ ಕಿಟಕಿಯ ಕಡೆ ತಿರುಗಿದಳು.

"ಮಾಸ್ತರು ಎಷ್ಟು ಛಲೋ ಹೇಳಿದ್ರು" ಎಂದೆ.

"ಅವರಿಗೆ ಎಲ್ಲಾ ಗೊತ್ತೈತಿ ಅವ್ವ. ಗೊತ್ತಿದ್ದವರಿಗೆ ನಾ ಏನ್ ಹೇಳ್ಲಿ?"

ಮಾತು ಸರಿಯೇ ಇತ್ತು. ಮನೆಗೆ ಬೇಕಾಗಿದ್ದುದು ಜಾಣರಲ್ಲ. ಒಬ್ಬ ಗಟ್ಟಿ ದಡ್ಡ ಬೇಕಾಗಿತ್ತು. ಅಂಥವರನ್ನು ಎಲ್ಲಿಂದ ಕರೆಯುವುದು? ಯಾರ ಮನೆಯ ಬಾಗಿಲಿಗೆ ಹೋಗಿ, "ಒಂದೀಟು ನಿಮ್ಮ ಯಜಮಾನರನ್ನ ಕಳಸ್ರಿ, ನಮ್ಮ ಹುಡುಗಿಗೆ ದಡ್ಡರು ಬೇಕಾಗ್ಯಾರ" ಎನ್ನಬೇಕು? ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ನಾನೇ ಕುಳಿತೆ.

"ಹೇಳವಾ ನನಗ" ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಲೋಹ ಅಲೋಹ ಎಂದು ಏನೋ ಹೇಳಿದಳು.

"ಹೂಂ" ಎಂದೆ.

ತುಕ್ಕು ಯಾಕೆ ಹಿಡಿಯುತ್ತದೆ ಎಂದು ಹೇಳಿದಳು.

"ಹೌದಲ್ಲ, ಖರೇ."

"ತಿಳೀತೇನ?"

"ತಿಳೀತು ತಿಳೀತು."

"ಏನ್ ತಿಳೀತು, ಹೇಳು."

ನಾನು ಒಲೆಯ ಮೇಲೆ ಹಾಲಿದೆ ಎಂದು ಏಳಲು ನೋಡಿದೆ. ಅವಳು ಸೀರೆಯ ಅಂಚು ಹಿಡಿದು ಕೂಡಿಸಿದಳು.

"ನೀ ಸುಳ್ಳ ಸುಳ್ಳ ಹೂಂ ಅಂತೀ ಅವ್ವ. ಅಪ್ಪ ಹೋದ ಮ್ಯಾಲೆ ಬ್ಯಾಂಕಿನಾಗೂ ಹಂಗ ಅಂದೀ, ಕಾಕಾ ಬಂದಾಗೂ ಹಂಗ ಅಂದೀ. ನಾ ನಾಳಿ ಬರಿಯಂಗಿಲ್ಲ ಅಂದ್ರೂ ಹೂಂ ಅಂದೀ."

ಮಗಳ ಬಾಯಿಂದ ಇಂಥ ಮಾತು ಕೇಳಿದರೆ ಸಿಟ್ಟು ಬರಬೇಕು. ನನಗೆ ನಗು ಬಂತು. ಹೂಂ ಎನ್ನುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಅವಳ ಈ ಮಾತಿಗೂ ಹೂಂ ಎಂದುಬಿಟ್ಟಿದ್ದೆ. ಅವಳ ತುಟಿಯ ತುದಿಯಲ್ಲೂ ನಗು ಬಂತು. ಆದರೆ ನಗು ಅಲ್ಲೇ ನಿಂತಿತು.

ನನ್ನ ದಡ್ಡತನಕ್ಕೆ ಕೊರತೆ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯಕ್ಕೆ ಕೊರತೆ. ಇವರಿಗೆ ಅದು ಹುಟ್ಟಿನಿಂದ ಬಂದಿತ್ತು, ನನಗೆ ಹುಟ್ಟಿನಿಂದ ತಪ್ಪಿತ್ತು. ಇರಲಿ ಎಂದು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು, ಇವರು ಮಾಡುತ್ತಿದ್ದ ಹಾಗೆ ನಡುವೆ ಹೆಬ್ಬೆರಳು ತೂರಿಸಿದೆ. ಪುಸ್ತಕಕ್ಕೆ ತನ್ನದೇ ಒಂದು ರೂಢಿ ಇರುತ್ತದೆ. ಯಾವ ಪುಟವನ್ನು ಹೆಚ್ಚು ಹೊತ್ತು ತೆರೆದಿಟ್ಟಿರುತ್ತೇವೋ ಅಲ್ಲೇ ತಾನಾಗಿ ತೆರೆದುಕೊಳ್ಳುತ್ತದೆ. ಬೆಳಿಗ್ಗೆಯಿಂದ ಅವಳು ಹಿಡಿದು ಕುಳಿತಿದ್ದ ಪುಟವೇ ಬಂತು. ಅದರ ಮೇಲೆ ಹೃದಯದ ಚಿತ್ರ ಇತ್ತು. ಸೀಳಿ ತೋರಿಸಿದ್ದು, ಒಂದು ಮಗ್ಗಲು ಕೆಂಪು, ಒಂದು ಮಗ್ಗಲು ನೀಲಿ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಈ ಚಿತ್ರವನ್ನೇ ಬಿಡಿಸಲು ಕೇಳಿದ್ದರು, ಅಲ್ಲಿಂದ ಮುಂದಕ್ಕೆ ಅವಳು ಏನೂ ಬರೆದಿರಲಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಆ ಗಳಿಗೆಯಲ್ಲಿ ನಾನು ಪುಟ ತಿರುವಬೇಕಿತ್ತು. ತಿರುವಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳದೆ ಬಿಟ್ಟಿದ್ದ ಒಂದು ಮಾತು ಹೊರಗೆ ಬಂತು.

"ಅಕ್ಷು, ನನಗ ಒಂದು ತಿಳೀವಲ್ದು."

"ಏನು?"

"ಹೃದಯದ ತುಂಬ ರಕ್ತ ಇರತೈತಿ ಅಂತ ಬರದಾರಲ್ಲ ಇಲ್ಲಿ. ಮೈತುಂಬ ಕಳಸೂದು ಅದ. ಮತ್ತ ಡಾಕ್ಟರ್ ಏನಂದ್ರು? ಅಪ್ಪನ ಹೃದಯಕ್ಕ ರಕ್ತ ಹೋಗೂ ನಾಳ ಕಟ್ಟಿತ್ತು, ಹೃದಯಕ್ಕ ರಕ್ತ ಸಿಗಲಿಲ್ಲ ಅಂದ್ರು. ನಾ ಹೂಂ ಅಂದ್ನಿ. ಆದ್ರ ಬಾವ್ಯಾಗ ಇದ್ದಾವಗ ನೀರು ಹೆಂಗ ಸಿಗಂಗಿಲ್ಲ?"

ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ನಾನು ಕೇಳಬಾರದ್ದನ್ನು ಕೇಳಿದೆನೇನೋ ಎಂದು ಅಂಜಿಕೆಯಾಯಿತು. ಹೊರಗೆ ಓಣಿಯ ಹುಡುಗ ಇನ್ನೂ "ಎಂದರೆ" ಎನ್ನುವಲ್ಲೇ ಇದ್ದ.

"ಅದು ಪುಸ್ತಕದಾಗ ಇಲ್ಲ" ಎಂದಳು. "ನಾನೂ ಹಂಗ ಅನ್ಕೊಂಡಿದ್ನಿ. ಸಾಲ್ಯಾಗ ಮಿಸ್ಸಿಗೆ ಕೇಳೇನಿ."

"ಯಾವಾಗ?"

"ಆವಾಗನ. ಅಪ್ಪ ಹೋದ ಮ್ಯಾಲೆ ಸಾಲಿಗೆ ಹೋದೆ ನೋಡು, ಆವಾಗ."

ಅಷ್ಟು ದಿನ ಇಬ್ಬರೂ ಒಂದೇ ಪ್ರಶ್ನೆಯನ್ನು ಒಂದೇ ಮನೆಯಲ್ಲಿ ಬೇರೆ ಬೇರೆ ಇಟ್ಟುಕೊಂಡಿದ್ದೆವು. ಅವಳಿಗೆ ಉತ್ತರ ಸಿಕ್ಕಿತ್ತು, ಹೇಳಲು ಯಾರೂ ಇರಲಿಲ್ಲ.

ಪೆನ್ಸಿಲ್ ತೆಗೆದುಕೊಂಡು ಚಿತ್ರದ ಹೊರಮೈಗೆ ಎರಡು ಸಣ್ಣ ಗೆರೆ ಎಳೆದಳು. "ಹೃದಯದ ಗ್ವಾಡಿಗೆ ರಕ್ತ ಕೊಡಾಕ ಬ್ಯಾರೆ ನಾಳ ಇರತಾವ. ಹೊರಗಿಂದ ಬರತಾವ, ಸಣ್ಣವು. ಒಳಗ ಇರೂ ರಕ್ತ ಬರೇ ಹಾದು ಹೊಕ್ಕೈತಿ. ಅದು ಗ್ವಾಡಿಗೆ ಉಪಯೋಗಿಲ್ಲ."

ಇಲ್ಲಿ ಹೂಂ ಎನ್ನಬಹುದಾಗಿತ್ತು. "ತಿಳೀಲಿಲ್ಲ" ಎಂದೆ. ಖರೇನೇ ತಿಳಿದಿರಲಿಲ್ಲ.

"ಎಂಥಾಕಿ ಇದ್ದೀ ಅವ್ವ ನೀ. ಒಳಗಿಂದು ಮಂದಿಗೆ ಕಳಸೂ ರಕ್ತ. ಅದರದಲ್ಲ."

"ಕೈಯಾಗ ಐತಲ್ಲ, ಒಂದೀಟು ಕುಡೀಬೇಕು."

"ಕುಡಿಯಾಕ ಬರಂಗಿಲ್ಲ."

"ಯಾಕ ಬರಂಗಿಲ್ಲ?"

ಅವಳು ಪುಸ್ತಕವನ್ನು ಚಾಪೆಯ ಮೇಲೆ ಒಗೆದಳು. ದನಿ ಏರಿತು. "ಕೇಳಿಲ್ಲಿ. ಅಪ್ಪನ ಕೈಯಾಗ ದಿನಾ ಎಷ್ಟು ಚೀಲ ಜ್ವಾಳ ಹಾದು ಹೋಗ್ತಿದ್ವು? ಅಂಗಡಿ ತುಂಬ ಜ್ವಾಳನ ಇರತಿತ್ತಿಲ್ಲ? ಹಂಗಂತ ಅಪ್ಪ ಅದನ್ನ ಮುಕ್ಕಿ ಹೊಟ್ಟಿ ತುಂಬಿಸ್ಕೊಂಡು ಬರತಿದ್ನೇನ? ನೀ ಡಬ್ಬಿ ಕಟ್ಟಿ ಕೊಟ್ರ ಉಣ್ಣಾಂವ. ಡಬ್ಬಿ ಮರತು ಹೋದ ದಿನ ಜ್ವಾಳದ ನಡುವ ಕುಂತು ಹಸಗೊಂಡು ಬರಾಂವ. ಹೃದಯನೂ ಹಂಗ. ಆ ಸಣ್ಣ ನಾಳ ಅಂದ್ರ ಡಬ್ಬಿ. ಅವತ್ತ ಡಬ್ಬಿ ಬರಲಿಲ್ಲ."

ಹೇಳಿ ಮುಗಿಸಿದ ಮೇಲೆಯೇ ತಾನು ಏನು ಹೇಳಿದೆ ಎಂದು ಅವಳಿಗೆ ಕೇಳಿಸಿದ ಹಾಗಿತ್ತು. ಜೋಶಿ ಮಾಸ್ತರರ ಕಿಟಕಿ ತೆರೆದ ಸದ್ದಾಯಿತು, ಅಷ್ಟು ಜೋರಾಗಿ ಕೂಗಿದ್ದಳು. ಇಬ್ಬರ ಕಣ್ಣೂ ತುಂಬಿದ್ದವು. ಆದರೆ ನನಗೆ ತಿಳಿದಿತ್ತು. ಡಾಕ್ಟರರು ಬಿಡಿಸಿ ಹೇಳಿದ್ದು, ನಾನು ತಲೆಯಾಡಿಸಿದ್ದು, ಎಲ್ಲವೂ ಮೊದಲ ಸಲ ತಿಳಿದಿತ್ತು. ನಾನು ಡಬ್ಬಿ ಕಟ್ಟುವುದರಲ್ಲಿ ಏನೂ ತಪ್ಪಿರಲಿಲ್ಲ, ಇದು ಬೇರೆ ಡಬ್ಬಿ ಎಂದೂ ತಿಳಿದಿತ್ತು. ಅದೊಂದು ದೊಡ್ಡ ಸಮಾಧಾನ.

"ಈಗ ತಿಳೀತು" ಎಂದೆ.

"ಖರೇನ?"

"ಖರೇ. ಬೇಕಾದ್ರ ನಾ ಹೇಳ್ತೇನಿ, ಕೇಳು."

ನಾನು ಹೇಳಿದೆ. ಅವಳು ಎರಡು ಕಡೆ ತಿದ್ದಿದಳು. ಎಡ ಬಲ ನನಗೆ ಯಾವಾಗಲೂ ಅದಲು ಬದಲು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಪುಸ್ತಕ ನೋಡದೆ ಹೃದಯದ ಚಿತ್ರ ಬರೆಯತೊಡಗಿದಳು. ಒಂದು ಗೆರೆ ಅಳಿಸಿದಳು, ಮತ್ತೆ ಎಳೆದಳು. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಹೆಸರುಗಳನ್ನೆಲ್ಲ ಬರೆದು ಮುಗಿಸಿ, ತಲೆ ಎತ್ತದೆಯೇ ಕೇಳಿದಳು.

"ಯುನಿಫಾರ್ಮ್ ಒಣಗೇತೇನ ಅವ್ವ? ನಾಳಿಗೆ ಬೇಕು."

ಯುನಿಫಾರ್ಮನ್ನು ನಾನು ತೊಳೆದೇ ಇರಲಿಲ್ಲ. ಬರೆಯುವುದಿಲ್ಲ ಎಂದಿದ್ದಳಲ್ಲ, ಆ ಹೂಂ ಒಂದನ್ನು ನಾನು ಪೂರಾ ಮನಸ್ಸಿನಿಂದ ಅಂದಿದ್ದೆನೋ ಏನೋ, ಬಟ್ಟೆ ಬುಟ್ಟಿಯಲ್ಲೇ ಇತ್ತು. ಬಚ್ಚಲಿಗೆ ಓಡಿದೆ. ನಾನು ಸಾಬೂನು ಹಚ್ಚಿ ತಿಕ್ಕುವಾಗ ಅವಳು ಬಾಗಿಲಿಗೆ ಆತುಕೊಂಡು ಮೂತ್ರಪಿಂಡದ ಪಾಠ ಹೇಳುತ್ತಿದ್ದಳು. ಆಮೇಲೆ ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ಹಿಂಡಿದೆವು. ನೀರು ಸುರಿಯುತ್ತಿತ್ತು.

"ರಕ್ತ ಸೋಸಿದ ಮ್ಯಾಲೆ ಬ್ಯಾಡಾದದ್ದು ಕೆಳಗ ಬರತೈತಿ. ಬೇಕಾದದ್ದನ್ನ ಮೈ ಮತ್ತ ಒಳಗ ತಗೋತೈತಿ. ತಿಳೀತೇನ?"

"ಇಲ್ಲ" ಎಂದೆ. "ಬೇಕಾದದ್ದು ಯಾವುದು ಅಂತ ಅದಕ್ಕ ಹೆಂಗ ಗೊತ್ತಾಕ್ಕೈತಿ?"

"ಗಟ್ಟಿ ಹಿಡಿ ಮೊದಲ, ಜಾರಾಕತ್ತೈತಿ" ಎಂದಳು. ಹಿಂಡುತ್ತಲೇ ಮತ್ತೆ ಮೊದಲಿನಿಂದ ಹೇಳತೊಡಗಿದಳು.